ಸೇಂಟ್ ಹೆಲೆನಾದಿಂದ ಈಸ್ಟರ್ ದ್ವೀಪಕ್ಕೆ ವಿಮಾನದಲ್ಲಿ ಎಷ್ಟು ದೂರ, ಎಷ್ಟು ಹೊತ್ತು?

ಪ್ರಶ್ನೆ: ಅಟ್ಲಾಂಟಿಕ್ ಸಾಗರದ ಸೇಂಟ್ ಹೆಲೆನಾ ವಿಮಾನ ನಿಲ್ದಾಣಕ್ಕೂ ಪೆಸಿಫಿಕ್ ಸಾಗರದ ಈಸ್ಟರ್ ದ್ವೀಪದಲ್ಲಿರುವ ಮಟಾವೆರಿ ವಿಮಾನ ನಿಲ್ದಾಣಕ್ಕೂ ನಡುವಿನ ದೂರವನ್ನು ಹುಡುಕಿದಾಗ ಒಂದು ಕಡೆ 10,506, ಇನ್ನೊಂದು ಕಡೆ 6,528, ಮತ್ತೊಂದು ಕಡೆ 5,673 ಎಂಬ ಅಂಕಿಗಳು ಸಿಕ್ಕವು. ಗೋಡೆಯ ಭೂಪಟದ ಮೇಲೆ ಅಳತೆಪಟ್ಟಿ ಇಟ್ಟು ಗೆರೆ ಎಳೆದರೆ ಅದು ಚಿಲಿಯ ಉತ್ತರ ಭಾಗದ ಆಂಟೊಫಗಾಸ್ಟದ ಹತ್ತಿರ ಹಾದುಹೋಗುತ್ತದೆ. ಇವುಗಳಲ್ಲಿ ಸರಿಯಾದ ದೂರ ಯಾವುದು? ವಿಮಾನದ ದಾರಿಯೂ ಆ ಗೆರೆಯೇ ಆಗಿರುತ್ತದೆಯೇ?

ಉತ್ತರ: ಮೂರು ಅಂಕಿಗಳೂ ಸರಿ, ಏಕೆಂದರೆ ಮೂರೂ ಒಂದೇ ದೂರವನ್ನು ಹೇಳುತ್ತಿವೆ. ಮೊದಲನೆಯದು ಕಿಲೋಮೀಟರ್, ಎರಡನೆಯದು ರಸ್ತೆಯ ಲೆಕ್ಕದ ಮೈಲಿ, ಮೂರನೆಯದು ಹಡಗು ಮತ್ತು ವಿಮಾನಗಳವರು ಬಳಸುವ ನಾಟಿಕಲ್ ಮೈಲಿ. ಒಂದು ನಾಟಿಕಲ್ ಮೈಲಿಗೆ 1,852 ಮೀಟರ್. ಪೈಲಟ್‌ಗಳು ಇಂದಿಗೂ ಇದನ್ನೇ ಹಿಡಿದುಕೊಂಡಿರುವುದಕ್ಕೆ ಕಾರಣವಿದೆ: ಭೂಮಿಯ ಮೇಲೆ ಅಕ್ಷಾಂಶದ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ ಹೆಚ್ಚುಕಡಿಮೆ ಒಂದು ನಾಟಿಕಲ್ ಮೈಲಿಯಾಗುವುದರಿಂದ, ಕೋನವನ್ನು ದೂರಕ್ಕೆ ಬದಲಾಯಿಸಲು ಅರವತ್ತರಿಂದ ಗುಣಿಸಿದರೆ ಸಾಕು. ದೂರದ ಅಂಕಿಯ ಪಕ್ಕದಲ್ಲಿ ಮಾನ ಯಾವುದೆಂದು ಬರೆಯದಿರುವುದು ಪ್ರಕಟಿಸಿದವರ ಆಲಸ್ಯವೇ ಹೊರತು ನಿಮ್ಮ ಹುಡುಕಾಟದ ದೋಷವಲ್ಲ.

ಈ ದೂರವನ್ನು ಯಾವ ವಿಮಾನವೂ ಹಾರಿ ಅಳೆದಿಲ್ಲ. ಅದು ಎರಡು ಬಿಂದುಗಳ ಅಕ್ಷಾಂಶ, ರೇಖಾಂಶಗಳಿಂದ ಬಂದ ಲೆಕ್ಕ. ಸೇಂಟ್ ಹೆಲೆನಾ ನಿಲ್ದಾಣವು ಸುಮಾರು 15.96 ಡಿಗ್ರಿ ದಕ್ಷಿಣ, 5.65 ಡಿಗ್ರಿ ಪಶ್ಚಿಮದಲ್ಲಿದೆ, ಮಟಾವೆರಿ 27.16 ಡಿಗ್ರಿ ದಕ್ಷಿಣ, 109.42 ಡಿಗ್ರಿ ಪಶ್ಚಿಮದಲ್ಲಿದೆ. ಎರಡು ಅಕ್ಷಾಂಶಗಳ ಸೈನ್‌ಗಳನ್ನು ಗುಣಿಸಿದರೆ 0.1255 ಬರುತ್ತದೆ. ಅವುಗಳ ಕೊಸೈನ್‌ಗಳ ಗುಣಲಬ್ಧವನ್ನು ರೇಖಾಂಶಗಳ ಅಂತರವಾದ 103.78 ಡಿಗ್ರಿಯ ಕೊಸೈನ್‌ನಿಂದ ಗುಣಿಸಿದರೆ ಋಣ 0.2037 ಬರುತ್ತದೆ. ಎರಡನ್ನೂ ಕೂಡಿಸಿದಾಗ ಸಿಗುವ ಋಣ 0.0782 ಎಂಬುದು 94.48 ಡಿಗ್ರಿಯ ಕೊಸೈನ್. ಅಂದರೆ ಭೂಮಿಯ ಕೇಂದ್ರದಲ್ಲಿ ನಿಂತು ನೋಡಿದರೆ ಈ ಎರಡು ನಿಲ್ದಾಣಗಳ ನಡುವೆ ಲಂಬಕೋನಕ್ಕಿಂತ ತುಸು ಹೆಚ್ಚಿನ ಕೋನವಿದೆ. ಒಂದು ಡಿಗ್ರಿಗೆ 111.2 ಕಿ.ಮೀ.ನಂತೆ ಗುಣಿಸಿದರೆ 10,506 ಕಿ.ಮೀ. ಆಗುತ್ತದೆ. ಸಾಧಾರಣ ವೈಜ್ಞಾನಿಕ ಕ್ಯಾಲ್ಕುಲೇಟರ್ ಇದ್ದವರು ಯಾವ ಎರಡು ಊರುಗಳಿಗೆ ಬೇಕಾದರೂ ಈ ಲೆಕ್ಕವನ್ನು ತಾವೇ ಮಾಡಬಹುದು.

ಆದರೆ ಕೊನೆಯ ಆ ಆರು ಕಿಲೋಮೀಟರಿಗೆ ಹೆಚ್ಚು ಬೆಲೆ ಕೊಡಬೇಕಾಗಿಲ್ಲ. ಭೂಮಿ ಪೂರ್ತಿ ಗೋಳವಲ್ಲ. ಸಮಭಾಜಕ ವೃತ್ತದಲ್ಲಿ ಅದರ ತ್ರಿಜ್ಯ 6,378 ಕಿ.ಮೀ. ಇದ್ದರೆ ಧ್ರುವಗಳ ಕಡೆ 6,357 ಕಿ.ಮೀ. ಮಾತ್ರ ಇದೆ. ಗೋಳವೆಂದು ಭಾವಿಸಿ ಮಾಡಿದ ಲೆಕ್ಕದಲ್ಲಿ ಇದರಿಂದ ಅರ್ಧ ಪ್ರತಿಶತದವರೆಗೆ ವ್ಯತ್ಯಾಸ ಬರಬಹುದು. ಆದ್ದರಿಂದ ‘ಸುಮಾರು 10,500 ಕಿ.ಮೀ.’ ಎಂದು ಇಟ್ಟುಕೊಳ್ಳುವುದು ಹೆಚ್ಚು ಪ್ರಾಮಾಣಿಕ.

ಇನ್ನು ನಿಮ್ಮ ಅಳತೆಪಟ್ಟಿಯ ಗೆರೆಯ ವಿಷಯ. ಗೋಡೆಯ ಭೂಪಟದಲ್ಲಿ ನೇರವಾಗಿ ಕಾಣುವ ಗೆರೆ ಗೋಳದ ಮೇಲೆ ಅತಿ ಹತ್ತಿರದ ದಾರಿಯಲ್ಲ. ಗೋಳದ ಮೇಲೆ ಎರಡು ಬಿಂದುಗಳ ನಡುವಿನ ಅತಿ ಹತ್ತಿರದ ದಾರಿ ಮಹಾವೃತ್ತದ, ಅಂದರೆ ಗೋಳದ ಕೇಂದ್ರವನ್ನೇ ತನ್ನ ಕೇಂದ್ರವಾಗಿ ಉಳ್ಳ ವೃತ್ತದ, ಒಂದು ತುಂಡು. ದಕ್ಷಿಣಾರ್ಧಗೋಳದಲ್ಲಿ ಪೂರ್ವಪಶ್ಚಿಮವಾಗಿ ಸಾಗುವ ಇಂಥ ದಾರಿ ಭೂಪಟದಲ್ಲಿ ದಕ್ಷಿಣದ ಕಡೆಗೆ ಬಾಗಿದಂತೆ ಕಾಣುತ್ತದೆ. ಗೋಡೆಯ ಭೂಪಟವು ಸಾಮಾನ್ಯವಾಗಿ ಬಳಕೆಯಲ್ಲಿರುವ ಮರ್ಕೇಟರ್ ಮಾದರಿಯದಾದರೆ ಅದರ ನೇರ ಗೆರೆಯ ಉದ್ದ ಸುಮಾರು 10,780 ಕಿ.ಮೀ.; ಮಹಾವೃತ್ತದ ದಾರಿ ಅದಕ್ಕಿಂತ ಸುಮಾರು 280 ಕಿ.ಮೀ. ಕಡಿಮೆ. ದೂರದಲ್ಲಿ ಉಳಿತಾಯ ದೊಡ್ಡದಲ್ಲ, ಆದರೆ ದಾರಿ ಬೇರೆಯೇ ಆಗುತ್ತದೆ. ಮಹಾವೃತ್ತವನ್ನು ಅನುಸರಿಸುವ ವಿಮಾನ ಸೇಂಟ್ ಹೆಲೆನಾ ಬಿಟ್ಟೊಡನೆ ಪಶ್ಚಿಮಕ್ಕಲ್ಲ, ನೈಋತ್ಯಕ್ಕೆ ಮುಖಮಾಡಬೇಕು. ಬ್ರೆಜಿಲ್‌ನ ದಕ್ಷಿಣ ತುದಿಯ ರಿಯೊ ಗ್ರಾಂಡೆಯ ಹತ್ತಿರ ಭೂಮಿಯನ್ನು ಕಂಡು, ಉರುಗ್ವೆಯನ್ನು ದಾಟಿ, ಅರ್ಜೆಂಟೀನಾದ ರೊಸಾರಿಯೊ ನಗರದ ಪಕ್ಕದಲ್ಲೇ ಸಾಗಿ, ಮೆಂಡೋಜಾಕ್ಕೆ ತುಸು ದಕ್ಷಿಣದಲ್ಲಿ ಆಂಡಿಸ್ ಪರ್ವತವನ್ನು ಏರಿ, ಬಹುಮಟ್ಟಿಗೆ ಚಿಲಿಯ ರಾಜಧಾನಿ ಸ್ಯಾಂಟಿಯಾಗೊದ ನೆತ್ತಿಯ ಮೇಲೆಯೇ ಹಾರಬೇಕು. ನಿಮ್ಮ ಆಂಟೊಫಗಾಸ್ಟಕ್ಕಿಂತ ಇದು ಸಾವಿರ ಕಿಲೋಮೀಟರಿಗೂ ಹೆಚ್ಚು ದಕ್ಷಿಣ. ಲೆಕ್ಕದ ಗೆರೆ ಸ್ಯಾಂಟಿಯಾಗೊದ ಮೇಲೆ ಬಿದ್ದದ್ದು ಕೇವಲ ಕಾಕತಾಳೀಯ. ಆದರೂ ಮುಂದಿನ ಪ್ರಶ್ನೆಗಳಿಗೆ ಆ ಊರು ಬೇಕಾಗುತ್ತದೆ.

ಪ್ರಶ್ನೆ: ದೂರ ಒಂದೇ ಆದರೂ ಹಾರಾಟದ ಅವಧಿಯನ್ನು ಮಾತ್ರ ಒಬ್ಬರು 12 ಗಂಟೆ ಎನ್ನುತ್ತಾರೆ, ಇನ್ನೊಬ್ಬರು 13 ಗಂಟೆಗೂ ಹೆಚ್ಚು ಎನ್ನುತ್ತಾರೆ. ಈ ಅಂತರ ಎಲ್ಲಿಂದ ಬರುತ್ತದೆ? ಹೋಗುವಾಗಿನ ಹೊತ್ತು, ಬರುವಾಗಿನ ಹೊತ್ತು ಬೇರೆಯೇ?

ಉತ್ತರ: ಇಂಥ ಅಂಕಿಗಳೆಲ್ಲ ಒಂದು ಊಹೆಯ ವೇಗದಿಂದ ದೂರವನ್ನು ಭಾಗಿಸಿ, ಮೇಲೇರಲು ಮತ್ತು ಕೆಳಗಿಳಿಯಲು ಅರ್ಧ ಗಂಟೆ ಸೇರಿಸಿ ಬರೆದವು. ಗಂಟೆಗೆ 900 ಕಿ.ಮೀ. ಎಂದು ಹಿಡಿದರೆ 11 ಗಂಟೆ 40 ನಿಮಿಷ, ಅದಕ್ಕೆ ಅರ್ಧ ಗಂಟೆ ಸೇರಿದರೆ 12 ಗಂಟೆ 10 ನಿಮಿಷ. ಯಾರಾದರೂ ವೇಗವನ್ನು 820 ಎಂದು ಹಿಡಿದರೆ ಅದೇ ದೂರ 13 ಗಂಟೆಯನ್ನು ಮೀರುತ್ತದೆ. ಯಾವ ವೇಗವನ್ನು ಹಿಡಿದರು ಎಂದು ಹೇಳದ ಲೆಕ್ಕವನ್ನು ಮತ್ತೊಂದರ ಜೊತೆ ಹೋಲಿಸುವುದು ವ್ಯರ್ಥ.

ಗಾಳಿಯದು ನಿಜವಾದ ವ್ಯತ್ಯಾಸ. ವಿಮಾನದ ವೇಗ ಎಂದು ನಾವು ಹೇಳುವುದು ಅದರ ಸುತ್ತಲಿನ ಗಾಳಿಗೆ ಹೋಲಿಸಿದ ವೇಗ; ಆ ಗಾಳಿಯೇ ಚಲಿಸುತ್ತಿದ್ದರೆ ನೆಲಕ್ಕೆ ಹೋಲಿಸಿದ ವೇಗ ಬದಲಾಗುತ್ತದೆ. ದಕ್ಷಿಣ ಅಕ್ಷಾಂಶ ಮೂವತ್ತರ ಆಸುಪಾಸಿನಲ್ಲಿ, ಹತ್ತು ಹನ್ನೊಂದು ಕಿಲೋಮೀಟರ್ ಎತ್ತರದಲ್ಲಿ, ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವುದೇ ಹೆಚ್ಚು. ಚಳಿಗಾಲದಲ್ಲಿ ಅದರ ಬಿರುಸು ಇನ್ನೂ ಏರುತ್ತದೆ. ನಮ್ಮ ದಾರಿಯ ಬಹುಭಾಗ ಈ ಪಟ್ಟಿಯೊಳಗೇ ಬೀಳುತ್ತದೆ. ಇಡೀ ದಾರಿಗೆ ಸರಾಸರಿ ಗಂಟೆಗೆ 60 ಕಿ.ಮೀ. ಎದುರುಗಾಳಿ ಇದೆಯೆಂದುಕೊಂಡರೆ ಪಶ್ಚಿಮಕ್ಕೆ ಹೋಗುವ ಹಾರಾಟಕ್ಕೆ 13 ಗಂಟೆ ಬೇಕು. ಅದೇ ಗಾಳಿ ಬೆನ್ನಿಗಿದ್ದು ಪೂರ್ವಕ್ಕೆ ಮರಳುವಾಗ ಹನ್ನೊಂದೂವರೆ ಗಂಟೆ ಸಾಕು. ಇದು ಕಾಗದದ ಮೇಲಿನ ಮಾತಷ್ಟೇ ಅಲ್ಲ. ದಾರಿಯ ಕೊನೆಯ ಭಾಗವಾದ ಸ್ಯಾಂಟಿಯಾಗೊ–ಈಸ್ಟರ್ ದ್ವೀಪ ಮಾರ್ಗದಲ್ಲಿ ನಿತ್ಯದ ವಿಮಾನಗಳು ಹಾರುತ್ತಿದ್ದು, 3,750 ಕಿ.ಮೀ. ದೂರದ ಆ ಮಾರ್ಗದಲ್ಲಿ ದ್ವೀಪದ ಕಡೆಗೆ ಹೋಗಲು ಸುಮಾರು ಐದೂವರೆ ಗಂಟೆಯೂ ಮರಳಲು ಅದಕ್ಕಿಂತ ಗಮನಾರ್ಹವಾಗಿ ಕಡಿಮೆ ಹೊತ್ತೂ ಹಿಡಿಯುತ್ತದೆ.

ಗಡಿಯಾರವನ್ನು ನೋಡಿ ಅವಧಿಯನ್ನು ಊಹಿಸುವವರು ಇನ್ನೊಂದು ಎಚ್ಚರ ವಹಿಸಬೇಕು. ಸೇಂಟ್ ಹೆಲೆನಾದಲ್ಲಿ ವರ್ಷವಿಡೀ ಗ್ರೀನಿಚ್ ಸಮಯವೇ ನಡೆಯುತ್ತದೆ. ಈಸ್ಟರ್ ದ್ವೀಪ ಅದಕ್ಕಿಂತ ಚಳಿಗಾಲದಲ್ಲಿ ಆರು, ಬೇಸಿಗೆಯಲ್ಲಿ ಐದು ಗಂಟೆ ಹಿಂದೆ ಇರುತ್ತದೆ. ಚಳಿಗಾಲದ ಒಂದು ದಿನ ಬೆಳಗ್ಗೆ 9 ಗಂಟೆಗೆ ಹೊರಟು 13 ಗಂಟೆ ಹಾರಿದವರು ದ್ವೀಪದಲ್ಲಿ ಅದೇ ದಿನ ಸಂಜೆ 4 ಗಂಟೆಗೆ ಇಳಿಯುತ್ತಾರೆ, ಗಡಿಯಾರದ ಪ್ರಕಾರ ಏಳೇ ಗಂಟೆ. ಹಾಗೆಯೇ ಅಲ್ಲಿಂದ ಬೆಳಗ್ಗೆ 9ಕ್ಕೆ ಹೊರಟು ಹನ್ನೊಂದೂವರೆ ಗಂಟೆ ಹಾರಿದವರು ಸೇಂಟ್ ಹೆಲೆನಾದಲ್ಲಿ ಮರುದಿನ ನಸುಕಿನ ಎರಡೂವರೆಗೆ ಇಳಿಯುತ್ತಾರೆ. ವೇಳಾಪಟ್ಟಿಗಳಲ್ಲಿ ಮುದ್ರಿಸುವುದು ಆಯಾ ಊರಿನ ಸಮಯ. ಅವುಗಳನ್ನು ನೇರವಾಗಿ ಕಳೆಯಬಾರದು.

ಪ್ರಶ್ನೆ: ಇಂದಿನ ದೊಡ್ಡ ವಿಮಾನಗಳು 14,000 ಕಿ.ಮೀ. ದೂರವನ್ನೂ ನಿಲ್ಲದೆ ಹಾರುತ್ತವೆ. ಹಾಗಿದ್ದ ಮೇಲೆ 10,500 ಕಿ.ಮೀ. ದೂರದ ಈ ಎರಡು ದ್ವೀಪಗಳ ನಡುವೆ ನೇರ ವಿಮಾನ ಏಕಿಲ್ಲ? ಪ್ರಯಾಣಿಕರ ಕೊರತೆ ಮಾತ್ರವೇ ಕಾರಣವೇ?

ಉತ್ತರ: ಪ್ರಯಾಣಿಕರು ಇಲ್ಲವೆಂಬುದು ನಿಜ, ಸೇಂಟ್ ಹೆಲೆನಾದ ಜನಸಂಖ್ಯೆಯೇ ಐದು ಸಾವಿರಕ್ಕಿಂತ ಕಡಿಮೆ. ಆದರೆ ವಿಮಾನದ ತುಂಬ ಜನ ಸಿಕ್ಕರೂ ಈ ಹಾರಾಟ ಸುಲಭವಲ್ಲ, ಏಕೆಂದರೆ ಅಡ್ಡಿ ಇರುವುದು ನಡುವಿನ ದೂರದಲ್ಲಿ ಅಲ್ಲ, ಎರಡು ತುದಿಗಳಲ್ಲಿ.

ಮೊದಲು ಸೇಂಟ್ ಹೆಲೆನಾವನ್ನು ನೋಡೋಣ. ದೂರವೇ ಕಾವಲಾಗಲಿ ಎಂಬ ಉದ್ದೇಶದಿಂದ 1815ರಲ್ಲಿ ನೆಪೋಲಿಯನ್ನನನ್ನು ಸೆರೆಯಿಟ್ಟ ಈ ಬ್ರಿಟಿಷ್ ದ್ವೀಪಕ್ಕೆ 2017ರವರೆಗೂ ನಿಗದಿತ ವಿಮಾನ ಸೇವೆ ಇರಲಿಲ್ಲ. ಕೇಪ್‌ಟೌನ್‌ನಿಂದ ಹಡಗಿನಲ್ಲಿ ಐದಾರು ದಿನ ಸಾಗಿ ಬರಬೇಕಾಗಿತ್ತು. ಕಡಿದಾದ ಬಂಡೆಗಳ ಆ ದ್ವೀಪದಲ್ಲಿ ಸಮತಟ್ಟಾದ ಜಾಗ ಸಾಲದೆ, ಒಂದು ಕಣಿವೆಯನ್ನೇ ಕಲ್ಲುಮಣ್ಣಿನಿಂದ ತುಂಬಿ 1,950 ಮೀಟರ್ ಉದ್ದದ ರನ್‌ವೇ ಕಟ್ಟಿದರು. ಸಾವಿರಾರು ಕಿಲೋಮೀಟರ್ ಹಾರುವಷ್ಟು ಇಂಧನ ತುಂಬಿದ ದೊಡ್ಡ ವಿಮಾನ ಮೇಲೇರಲು ಈ ಉದ್ದ ಸಾಲುವುದಿಲ್ಲ. ಅದಕ್ಕಿಂತಲೂ ತೊಡಕಿನದು ಗಾಳಿ. 2016ರ ಮೇ ತಿಂಗಳಲ್ಲಿ ಆಗಬೇಕಿದ್ದ ಉದ್ಘಾಟನೆ ಮುಂದಕ್ಕೆ ಹೋದದ್ದು, ರನ್‌ವೇಯ ಉತ್ತರ ತುದಿಯ ಕಡೆಯಿಂದ ಇಳಿಯುವಾಗ ಗಾಳಿಯ ವೇಗ ಮತ್ತು ದಿಕ್ಕು ಕ್ಷಣಾರ್ಧದಲ್ಲಿ ಬದಲಾಗುವುದು, ಅಂದರೆ ವಿಂಡ್ ಶಿಯರ್, ಪರೀಕ್ಷಾ ಹಾರಾಟದಲ್ಲಿ ಕಂಡುಬಂದದ್ದರಿಂದ. ಸಾಗರದ ಮೇಲಿನಿಂದ ಎಡೆಬಿಡದೆ ಬೀಸುವ ಗಾಳಿ ಕಡಿದಾದ ಬಂಡೆಗೆ ಬಡಿದು ಮೇಲಕ್ಕೆ ಚಿಮ್ಮುವುದರಿಂದ ಹೀಗಾಗುತ್ತದೆ. 1836ರಲ್ಲಿ ಈ ದ್ವೀಪಕ್ಕೆ ಬಂದಿದ್ದ ಚಾರ್ಲ್ಸ್ ಡಾರ್ವಿನ್ ಇದನ್ನು ಕೈಯಾರೆ ಕಂಡುಕೊಂಡಿದ್ದ. ಒಂದು ಬಯಲಿನ ಅಂಚಿನಲ್ಲಿ, ಸುಮಾರು ಸಾವಿರ ಅಡಿ ಆಳದ ಪ್ರಪಾತದ ಮೇಲೆ ಅವನು ನಿಂತಿದ್ದಾಗ ಅವನ ಸುತ್ತ ಗಾಳಿಯೇ ಅಲುಗುತ್ತಿರಲಿಲ್ಲ. ಆದರೆ ಕೆಲವೇ ಗಜಗಳಾಚೆ ಕಡಲ ಹಕ್ಕಿಗಳು ಬಿರುಗಾಳಿಗೆ ಎದುರಾಗಿ ಹೆಣಗುತ್ತಿದ್ದವು. ಅಂಚಿಗೆ ಹೋಗಿ ತೋಳು ಚಾಚಿದೊಡನೆ ಗಾಳಿಯ ಪೂರ್ಣ ರಭಸ ಅವನ ಕೈಗೆ ತಾಗಿತು. ಅಷ್ಟು ತೆಳುವಾದ ಗಡಿಯನ್ನು ಇಳಿಯುತ್ತಿರುವ ವಿಮಾನ ದಾಟಬೇಕಾಗಿ ಬಂದರೆ ಏನಾಗಬಹುದೆಂಬುದನ್ನು ಯೋಚಿಸಬಹುದು. ಕೊನೆಗೆ ಎಂಬ್ರಾಯರ್ 190 ಎಂಬ ಚಿಕ್ಕ ಜೆಟ್ ವಿಮಾನವನ್ನು ಆರಿಸಿ, ಅದರ ಎಲ್ಲ ಆಸನಗಳನ್ನು ತುಂಬದೆ ಭಾರ ತಗ್ಗಿಸಿ, 2017ರ ಅಕ್ಟೋಬರ್ 14ರಂದು ಜೋಹಾನ್ಸ್‌ಬರ್ಗ್‌ನಿಂದ ಸೇವೆ ಆರಂಭಿಸಿದರು. ಆ ವಿಮಾನ 10,500 ಕಿ.ಮೀ. ಹಾರಲಾರದು, ಹಾರಬಲ್ಲ ದೊಡ್ಡ ವಿಮಾನ ಅಷ್ಟು ಇಂಧನದೊಂದಿಗೆ ಅಲ್ಲಿಂದ ಏರಲಾರದು.

ಮಟಾವೆರಿಯಲ್ಲಿ ಸಮಸ್ಯೆ ತಿರುಗುಮುರುಗು. ಅಲ್ಲಿನ ರನ್‌ವೇ 3,318 ಮೀಟರ್ ಉದ್ದವಿದೆ. ಕ್ಯಾಲಿಫೋರ್ನಿಯಾದಿಂದ ಹಾರಿಸಲು ಉದ್ದೇಶಿಸಿದ್ದ ಅಮೆರಿಕದ ಬಾಹ್ಯಾಕಾಶ ನೌಕೆ ಆಪತ್ತಿನಲ್ಲಿ ಸಿಲುಕಿದರೆ ಅಲ್ಲಿ ಇಳಿಯಲಿ ಎಂದು 1980ರ ದಶಕದಲ್ಲಿ ಅದನ್ನು ಉದ್ದಗೊಳಿಸಿದರು. ನೌಕೆ ಅಲ್ಲಿಂದ ಹಾರಲೂ ಇಲ್ಲ, ಇಲ್ಲಿ ಇಳಿಯಲೂ ಇಲ್ಲ, ಆದರೆ ದೊಡ್ಡ ಪ್ರಯಾಣಿಕ ವಿಮಾನಗಳಿಗೆ ಅನುಕೂಲವಾಯಿತು. ಇಷ್ಟಾದರೂ ಆ ರನ್‌ವೇ ಒಂದೇ. ಯಾವುದೇ ವಿಮಾನ ಹೊರಡುವ ಮೊದಲು, ಗಮ್ಯದಲ್ಲಿ ಇಳಿಯಲಾಗದಿದ್ದರೆ ಇನ್ನೆಲ್ಲಿ ಇಳಿಯುವುದು ಎಂಬುದನ್ನು ಗೊತ್ತುಮಾಡಿಕೊಂಡು, ಆ ಪರ್ಯಾಯ ನಿಲ್ದಾಣದವರೆಗೆ ಬೇಕಾಗುವಷ್ಟು ಇಂಧನವನ್ನೂ ಅದರ ಮೇಲೆ ಅರ್ಧ ಗಂಟೆಯ ಇಂಧನವನ್ನೂ ತುಂಬಿಕೊಂಡಿರಬೇಕು. ಈಸ್ಟರ್ ದ್ವೀಪಕ್ಕೆ ಹತ್ತಿರದ ನಿಲ್ದಾಣವೆಂದರೆ ಫ್ರೆಂಚ್ ಪಾಲಿನೇಷ್ಯಾದ ಗ್ಯಾಂಬಿಯರ್ ದ್ವೀಪಗಳದ್ದು. ಅದೂ ಸುಮಾರು 2,600 ಕಿ.ಮೀ. ದೂರದಲ್ಲಿದೆ. ಇಂಥ ಒಂಟಿ ನಿಲ್ದಾಣಗಳಿಗೆ ಅಂತರರಾಷ್ಟ್ರೀಯ ನಿಯಮ ಬೇರೆ ಇದೆ: ಪರ್ಯಾಯದ ಬದಲು, ಗಮ್ಯದ ಮೇಲೆ ತಲುಪಿದ ನಂತರವೂ ಎರಡು ಗಂಟೆ ಹಾರುವಷ್ಟು ಇಂಧನ ಜೆಟ್ ವಿಮಾನದಲ್ಲಿ ಉಳಿದಿರಬೇಕು. ದಾರಿಯಲ್ಲಿ ಒಂದು ಬಿಂದುವನ್ನು ಮೊದಲೇ ಗುರುತಿಸಿರುತ್ತಾರೆ. ಅಲ್ಲಿಯವರೆಗೆ ಹಿಂದಿರುಗಬಹುದು, ಅದನ್ನು ದಾಟಿದ ಮೇಲೆ ದ್ವೀಪದಲ್ಲೇ ಇಳಿಯಬೇಕು. ಒಂದು ವಿಮಾನ ಆ ಬಿಂದುವನ್ನು ದಾಟಿ ಇಳಿಯುವ ತನಕ ಮತ್ತೊಂದನ್ನು ಮುಂದಕ್ಕೆ ಬಿಡದಿರುವ ಪದ್ಧತಿಯೂ ಇದೆ. ಮೊದಲನೆಯದು ರನ್‌ವೇಯಲ್ಲಿ ಕೆಟ್ಟು ನಿಂತರೆ ಎರಡನೆಯದಕ್ಕೆ ಹೋಗಲು ಜಾಗವೇ ಇರುವುದಿಲ್ಲವಲ್ಲ!

ಆದ್ದರಿಂದ 10,500 ಕಿ.ಮೀ. ನೇರ ಹಾರಾಟಕ್ಕೆ ಹೊರಡುವ ವಿಮಾನ 12,000 ಕಿಲೋಮೀಟರಿಗೂ ಹೆಚ್ಚು ಹಾರಬಲ್ಲಷ್ಟು ಇಂಧನವನ್ನು ಹೊತ್ತುಕೊಂಡು, ಅದನ್ನು 1,950 ಮೀಟರ್ ರನ್‌ವೇಯಿಂದ ಮೇಲೆತ್ತಬೇಕು. ಅತಿ ದೂರ ಹಾರುವ ಕೆಲವು ಖಾಸಗಿ ಜೆಟ್‌ಗಳಿಗೆ ಇದು ಅನುಕೂಲ ಗಾಳಿಯ ದಿನ ಸಾಧ್ಯವಾದೀತು. ಆದರೆ ಅವು ಕೂಡ ಸ್ಯಾಂಟಿಯಾಗೊದಲ್ಲಿ ಇಳಿದು ಇಂಧನ ತುಂಬಿಕೊಂಡು ಹೋಗುವುದೇ ವಿವೇಕ. ಆ ಊರು ದಾರಿಯ ಮೇಲೆಯೇ ಇರುವುದರಿಂದ ಹೆಚ್ಚುವರಿ ದೂರ ಲೆಕ್ಕಕ್ಕೆ ಸಿಗದಷ್ಟು ಅಲ್ಪ.

ಪ್ರಶ್ನೆ: ಹಾಗಾದರೆ ಟಿಕೆಟ್ ಕೊಂಡು ಹೋಗುವ ಸಾಮಾನ್ಯ ಪ್ರಯಾಣಿಕನಿಗೆ ನಿಜವಾಗಿ ಎಷ್ಟು ಹೊತ್ತು ಬೇಕು?

ಉತ್ತರ: ದಿನಗಳ ಲೆಕ್ಕದಲ್ಲಿ ಕೇಳಬೇಕಾದ ಪ್ರಶ್ನೆಯಿದು. ಪಶ್ಚಿಮಕ್ಕೆ ಹೋಗಬೇಕಾದವರು ಮೊದಲು ಪೂರ್ವಕ್ಕೆ ಹಾರಬೇಕು, ಏಕೆಂದರೆ ಸೇಂಟ್ ಹೆಲೆನಾದಿಂದ ಹೊರಜಗತ್ತಿಗೆ ನಿಗದಿತ ವಿಮಾನವಿರುವುದು ದಕ್ಷಿಣ ಆಫ್ರಿಕಾಕ್ಕೆ. ಜೋಹಾನ್ಸ್‌ಬರ್ಗ್‌ಗೆ 3,680 ಕಿ.ಮೀ., ಅಲ್ಲಿಂದ ಅಟ್ಲಾಂಟಿಕ್ ಸಾಗರವನ್ನು ಮತ್ತೆ ದಾಟಿ ಬ್ರೆಜಿಲ್‌ನ ಸಾವೊ ಪಾಲೊಗೆ 7,440, ಅಲ್ಲಿಂದ ಸ್ಯಾಂಟಿಯಾಗೊಗೆ 2,610, ಕೊನೆಗೆ ದ್ವೀಪಕ್ಕೆ 3,750. ಒಟ್ಟು 17,500 ಕಿ.ಮೀ.ಗೆ ಹತ್ತಿರ, ಅಂದರೆ ಲೆಕ್ಕದ ದೂರಕ್ಕಿಂತ ಸುಮಾರು 7,000 ಕಿ.ಮೀ. ಹೆಚ್ಚು. ಗಾಳಿಯಲ್ಲಿ ಕಳೆಯುವ ಹೊತ್ತೇ ಒಂದು ಪೂರ್ತಿ ದಿನದ ಹತ್ತಿರ ಹೋಗುತ್ತದೆ.

ಆದರೆ ಹಾರಾಟದ ಗಂಟೆಗಳಿಗಿಂತ ಕಾಯುವ ಗಂಟೆಗಳೇ ಹೆಚ್ಚು ತೂಗುತ್ತವೆ. ಸೇಂಟ್ ಹೆಲೆನಾದ ಸೇವೆ ಮೂಲತಃ ವಾರಕ್ಕೊಮ್ಮೆ, ಬಹುತೇಕ ಶನಿವಾರದಂದು ನಡೆಯುವಂಥದು. ಕೆಲವು ಋತುಗಳಲ್ಲಿ ಮಾತ್ರ ಹೆಚ್ಚುವರಿ ವಿಮಾನವಿರುತ್ತದೆ. ಶನಿವಾರ ದ್ವೀಪ ಬಿಟ್ಟವರು ಆ ರಾತ್ರಿಯನ್ನು ಜೋಹಾನ್ಸ್‌ಬರ್ಗ್‌ನಲ್ಲಿ ಕಳೆದು, ಮುಂದಿನ ವಿಮಾನಗಳು ಹೊಂದಿಕೊಂಡರೆ ಸೋಮವಾರ ಅಥವಾ ಮಂಗಳವಾರ ಈಸ್ಟರ್ ದ್ವೀಪದಲ್ಲಿ ಇಳಿಯಬಹುದು. ಮರಳುವಾಗ ಈ ಅನುಕೂಲವೂ ಇಲ್ಲ: ಜೋಹಾನ್ಸ್‌ಬರ್ಗ್‌ಗೆ ಭಾನುವಾರ ತಲುಪಿದವರು ಮುಂದಿನ ಶನಿವಾರದವರೆಗೆ ಅಲ್ಲೇ ಉಳಿಯಬೇಕಾದೀತು. ದ್ವೀಪಕ್ಕೆ ಹೋಗುವ ಆ ವಿಮಾನ ದಾರಿಯಲ್ಲಿ ನಮೀಬಿಯಾದ ವಾಲ್ವಿಸ್ ಬೇಯಲ್ಲಿ ಇಂಧನಕ್ಕಾಗಿ ಇಳಿಯುತ್ತದೆ. ಮಂಜು ಅಥವಾ ಗಾಳಿಯಿಂದ ಸೇಂಟ್ ಹೆಲೆನಾದಲ್ಲಿ ಇಳಿಯಲಾಗದಿದ್ದರೆ ಸುಮಾರು 2,260 ಕಿ.ಮೀ. ಹಿಂದಿರುಗಿ ಆಫ್ರಿಕಾದ ನೆಲವನ್ನು ಸೇರುವಷ್ಟು ಇಂಧನ ಇರಬೇಕೆಂಬುದು ಇದರ ಉದ್ದೇಶ. ವಾಲ್ವಿಸ್ ಬೇ ಕೂಡ ಜೋಹಾನ್ಸ್‌ಬರ್ಗ್–ಸೇಂಟ್ ಹೆಲೆನಾ ನಡುವಿನ ಮಹಾವೃತ್ತದ ಗೆರೆಯ ಮೇಲೆಯೇ ಬರುವುದರಿಂದ ಸುತ್ತು ಇಲ್ಲವೆನ್ನುವಷ್ಟು ಕಡಿಮೆ. ಹಾಗೆ ಹಿಂದಿರುಗುವ ಪ್ರಸಂಗಗಳು ಬಂದರೆ ಒಂದೆರಡು ದಿನ ತಡವಾಗುವುದು ಸಹಜವೆಂದೇ ತಿಳಿಯಬೇಕು.

ಆದ್ದರಿಂದ ಟಿಕೆಟ್ ಕೊಳ್ಳುವ ಕ್ರಮವನ್ನೇ ತಿರುಗಿಸಬೇಕಾಗುತ್ತದೆ. ಸಾಮಾನ್ಯವಾಗಿ ದೊಡ್ಡ ಹಾರಾಟವನ್ನು ಮೊದಲು ಕಾಯ್ದಿರಿಸಿ ಚಿಕ್ಕದನ್ನು ಅದಕ್ಕೆ ಹೊಂದಿಸುತ್ತೇವೆ. ಇಲ್ಲಿ ಸೇಂಟ್ ಹೆಲೆನಾದ ಶನಿವಾರವನ್ನು ಮೊದಲು ಗಟ್ಟಿ ಮಾಡಿಕೊಂಡು, ಉಳಿದ ಮೂರು ಹಾರಾಟಗಳನ್ನು ಅದರ ಸುತ್ತ ಜೋಡಿಸಬೇಕು. ಪಶ್ಚಿಮಕ್ಕೆ ಹೋಗುವವರು ಜೋಹಾನ್ಸ್‌ಬರ್ಗ್‌ನಲ್ಲಿಯೂ, ಪೂರ್ವಕ್ಕೆ ಮರಳುವವರು ಅಲ್ಲಿಗೆ ಶುಕ್ರವಾರದೊಳಗೆ ತಲುಪುವಂತೆಯೂ, ಕನಿಷ್ಠ ಒಂದು ದಿನ ಬಿಡುವು ಇಟ್ಟುಕೊಳ್ಳುವುದು ಒಳ್ಳೆಯದು. ಎಲ್ಲ ಹಾರಾಟಗಳೂ ಒಂದೇ ಟಿಕೆಟ್‌ನಲ್ಲಿ ಸಿಗದಿದ್ದರೆ, ಒಂದು ತಪ್ಪಿದಾಗ ಮುಂದಿನದನ್ನು ಬದಲಿಸಿಕೊಡುವ ಹೊಣೆ ಯಾವ ಕಂಪನಿಯ ಮೇಲೂ ಇರುವುದಿಲ್ಲ ಎಂಬುದನ್ನು ಕಾಯ್ದಿರಿಸುವ ಮೊದಲೇ ಗಮನಿಸಿ.